ಇನೆಜ್ ಬಾಯಿಯ ಡೇರೆ ಗಡ್ಡೆ

ರಾಯಪ್ಪ ಕುವೈತಿನಲ್ಲಿ ಹಿಮ ಬೀಳಲೆಂದು ಕಾದವನು. ಒಂದೆರಡು ದಿನವಲ್ಲ, ಇಡೀ ಒಂದು ಚಳಿಗಾಲ. ಮುಂದೆ ಈ ಸಂಗತಿಯನ್ನು ಅವನೇ ಊಟಕ್ಕೆ ಕೂತಾಗ ಹೇಳಿ ನಾಲ್ಕು ಜನರನ್ನು ನಗಿಸುತ್ತಿದ್ದ. ಕಾಯುವಾಗ ಮಾತ್ರ ಅದು ನಗುವ ವಿಷಯವೆಂದು ಅವನಿಗೆ ಹೊಳೆದಿರಲಿಲ್ಲ.

ಗೋಕಾಕದ ಕಡೆಯ ಈ ಮನುಷ್ಯ ಅರ್ದಿಯಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲಿದ್ದರೂ ಒಳಗೆ ಹಡಗಿನಲ್ಲಿ ಬಂದ ಕೋಳಿಗಳು ಕಲ್ಲಿನಂತೆ ಬಿದ್ದಿರಬೇಕು, ಪಕ್ಕದ ಕೋಣೆಯ ಆಲೂಗಡ್ಡೆ ಮೊಳಕೆ ಒಡೆಯದೆ ಇರಬೇಕು. ಅಷ್ಟು ನೋಡಿಕೊಂಡರೆ ಅವನ ಕೆಲಸ ಮುಗಿಯಿತು. ಹೆಂಡತಿ ಬಾಳಕ್ಕ ಮತ್ತು ಹೈಸ್ಕೂಲಿಗೆ ಹೋಗುವ ಮಗಳು ಸ್ನೇಹಾಳ ಜೊತೆ ಫಿಂಟಾಸಿನ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ವಾಸ. ಅಡಿಗೆಮನೆಯ ಹಿಂದೆ ಗೋಡೆ ಸುತ್ತಿದ ಒಂದು ಪುಟ್ಟ ಅಂಗಳವಿತ್ತು. ಮೇಲಿನ ಮಹಡಿಯವರು ಒಗೆದು ಹಾಕಿದ ಬಟ್ಟೆಯ ನೀರು ತೊಟ್ಟಿಕ್ಕುವುದನ್ನು ಬಿಟ್ಟರೆ ಅದಕ್ಕೆ ಬೇರೆ ಮಳೆ ಗೊತ್ತಿರಲಿಲ್ಲ.

ಆ ಅಂಗಳಕ್ಕೆ ಡೇರೆ ಹೂ, ಅಂದರೆ ಡೇಲಿಯಾ, ಬಂದದ್ದು ಅವನ ಮೇಲಧಿಕಾರಿಯ ಕಡೆಯಿಂದ. ಸ್ಕಾಟ್ಲೆಂಡಿನ ಆ ಮುದುಕ ಕೆಲಸ ಬಿಟ್ಟು ಊರಿಗೆ ಹೊರಡುವಾಗ ತನ್ನ ಗಿಡದ ಪೆಟ್ಟಿಗೆಗಳನ್ನೂ ತೋಟಗಾರಿಕೆಯ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ರಾಯಪ್ಪನಿಗೆ ಕೊಟ್ಟು ಹೋದ. ಆ ವರ್ಷ ಜನವರಿಯಲ್ಲಿ ಹೂ ಬಿಟ್ಟಿತು. ಕಡುಗೆಂಪು ಎಸಳು, ಒಂದೊಂದರ ತುದಿಗೂ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬಿಳಿ. ರಾಯಪ್ಪ ಆಫೀಸಿನಿಂದ ಬಂದವನು ಬೂಟು ಬಿಚ್ಚದೆ ಅಂಗಳಕ್ಕೆ ಹೋಗಿ ನಿಲ್ಲತೊಡಗಿದ. ಪುಸ್ತಕ ತೆಗೆದು ಓದಿದ. ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಗಡ್ಡೆ ಅಗೆದು, ಒಣ ಜಾಗದಲ್ಲಿಟ್ಟು ಚಳಿಗಾಲ ದಾಟಿಸಬೇಕು ಎಂದು ಅದರಲ್ಲಿತ್ತು. ಸರಿ, ಹಿಮ ಬೀಳಲಿ ಎಂದು ಕಾದ. ಜನವರಿ ಹೋಯಿತು, ಫೆಬ್ರವರಿ ಹೋಯಿತು. ದಿನಾ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಎಲೆ ಮುಟ್ಟಿ ನೋಡುತ್ತಿದ್ದ.

"ಏನ್ ನೋಡಾಕತ್ತೀರ್ರೀ ದಿನಾ?" ಎಂದು ಬಾಳಕ್ಕ ಕೇಳಿದಳು.

"ಹಿಮ ಬಿದ್ದೈತೇನಂತ."

"ಫಿಂಟಾಸನ್ಯಾಗ?"

ಬಾಳಕ್ಕ ಒಳಗೆ ಹೋದಳು. ಮೇ ತಿಂಗಳಲ್ಲಿ ಎಲೆ ಕಪ್ಪಾದದ್ದು ನಿಜ, ಆದರೆ ಅದು ಬಿಸಿಲಿಗೆ. ಆಗ ರಾಯಪ್ಪನಿಗೆ ಒಂದು ವಿಚಾರ ಹೊಳೆಯಿತು. ಇಂಗ್ಲಿಷರಿಗೆ ಚಳಿಗಾಲ ಹೇಗೋ ನಮಗೆ ಬೇಸಿಗೆ ಹಾಗೆ. ಅವರು ಚಳಿಯಿಂದ ಬಚ್ಚಿಡುವುದನ್ನು ನಾವು ಸೆಕೆಯಿಂದ ಬಚ್ಚಿಡಬೇಕು. ಗಡ್ಡೆ ಅಗೆದ, ಮಣ್ಣು ಕೊಡವಿದ, ಅರ್ದಿಯಾದ ಬಡಗಿಯಂಗಡಿಯಿಂದ ಮರದ ಹೊಟ್ಟು ತಂದು ಅದರಲ್ಲಿ ಹೂತು, ಮಲಗುವ ಕೋಣೆಯ ಬೀರುವಿನ ಕೆಳಗಣ ಖಾನೆಯಲ್ಲಿ ಎಸಿಯ ತಂಪಿನಲ್ಲಿಟ್ಟ. ಅಕ್ಟೋಬರಿನಲ್ಲಿ ನೆಟ್ಟರೆ ಚಿಗುರಿತು.

ಇದು ಅವನ ಅದೃಷ್ಟ. ಅವನು ಮಾತ್ರ ಅದನ್ನು ವಿದ್ಯೆ ಎಂದುಕೊಂಡ. ಕನ್ನಡ ಸಂಘದ ಕಾರ್ಯದರ್ಶಿ ಪುರಂದರ, ಉಡುಪಿ ಕಡೆಯ ಉತ್ಸಾಹಿ, ಸಂಘದ ಕಾರ್ಯಕ್ರಮಕ್ಕೆ ಭಾಷಣಕಾರರು ಸಿಗದೆ ಪರದಾಡುತ್ತಿದ್ದವನು, ಈ ಸುದ್ದಿ ಕೇಳಿ ರಾಯಪ್ಪನನ್ನು ವೇದಿಕೆ ಹತ್ತಿಸಿದ. "ನಮಗ ಬ್ಯಾಸಗೀನ ಥಂಡಿಗಾಲ" ಎಂದು ರಾಯಪ್ಪ ಶುರು ಮಾಡಿದ. ಜನ ಚಪ್ಪಾಳೆ ತಟ್ಟಿದರು. ಊಟ ತಯಾರಾಗಿದೆ ಎಂದು ಅದೇ ಹೊತ್ತಿಗೆ ಯಾರೋ ಬಂದು ಹೇಳಿದ್ದೂ ಚಪ್ಪಾಳೆಗೆ ಕಾರಣವಿರಬಹುದು ಎಂಬುದು ಅವನಿಗೆ ಬಹಳ ಕಾಲದ ನಂತರ ಹೊಳೆದ ಮಾತು.

ಆ ದಿನ ಸಭೆಯಲ್ಲಿ ಇನೆಜ್ ಬಾಯಿಯೂ ಇದ್ದಳು. ಅದೇ ಕಟ್ಟಡದ ಎರಡನೆಯ ಮಹಡಿಯವಳು, ಬಜ್ಪೆಯವಳು, ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. ಗಂಡ ಆಂಥೋನಿ ಒಂದು ಶಿಪ್ಪಿಂಗ್ ಆಫೀಸಿನಲ್ಲಿ. ಅವಳ ಬಳಿಯೂ ಡೇರೆ ಇತ್ತು. ತಾಯಿಯ ಅಂಗಳದ ಬಿಳಿ ಡೇರೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ನೈಟಿಯೊಳಗೆ ಸುತ್ತಿ ತಂದದ್ದು. ಆ ಚಳಿಗಾಲ ತಾರಸಿಯ ಕುಂಡಗಳಲ್ಲಿ ಅದು ಬೆಳ್ಳಗೆ ಅರಳಿದ್ದನ್ನು ಕಟ್ಟಡದವರೆಲ್ಲ ನೋಡಿದ್ದರು. ತಾಯಿ ಪ್ರತಿ ಶುಕ್ರವಾರದ ಫೋನಿನಲ್ಲಿ ಮೊದಲು ಅಳಿಯನ ಆರೋಗ್ಯ, ಆಮೇಲೆ ಡೇರೆಯ ಆರೋಗ್ಯ ವಿಚಾರಿಸುತ್ತಿದ್ದರು.

ಜೂನಿನಲ್ಲಿ ಶಾಲೆಗಳಿಗೆ ರಜೆ ಬಂತು. ಹೆಂಡತಿ ಮಕ್ಕಳು ಊರಿಗೆ, ಗಂಡಸರು ಕುವೈತಿನಲ್ಲಿ ಅನ್ನ ಸಾರಿಗೆ ಎಂಬ ಹಂಗಾಮು. ಬಾಳಕ್ಕ ಸ್ನೇಹಾಳನ್ನು ಕರೆದುಕೊಂಡು ಹೋಗಿ ಆಗಿತ್ತು. ಆಂಥೋನಿ ಮತ್ತು ಇನೆಜ್ ಜೊತೆಯಾಗಿಯೇ ಹೊರಟವರು, ಆ ವರ್ಷ ಬಜ್ಪೆಯಲ್ಲಿ ಮನೆ ರಿಪೇರಿಯಿತ್ತು. ಹೊರಡುವ ಮುನ್ನಾದಿನ ಇನೆಜ್ ಬಾಯಿ ಗಂಟು ಹಾಕಿದ ಒಂದು ಬಟ್ಟೆಯ ಚೀಲ ಹಿಡಿದು ಕೆಳಗೆ ಬಂದಳು.

"ರಾಯಪ್ಪಣ್ಣ, ಇದು ನಮ್ಮ ಅಮ್ಮನ ಡೇರೆ. ಮನೆಯಲ್ಲಿ ಎಸಿ ಬಂದ್ ಮಾಡಿ ಹೋಗುದಲ್ವಾ, ಸೆಕೆಗೆ ಬೆಂದು ಹೋಗ್ತದೆ. ನೀವು ಇದರಲ್ಲಿ ಎಕ್ಸ್‌ಪರ್ಟ್ ಅಲ್ವಾ?"

ರಾಯಪ್ಪನಿಗೆ ಅಷ್ಟು ಸಾಕಾಗಿತ್ತು. "ಬಿಡ್ರಿ ಬಾಯಾರ. ಕಂಟೇನರ್‌ಗಟ್ಟಲೆ ಕೋಳಿ ಕಾಯೋ ಮನಷ್ಯಾ ನಾ. ಇಷ್ಟ ಗಡ್ಡಿ ಕಾಯೂದು ನನಗ ದೊಡ್ಡದಲ್ಲ."

"ಒಮ್ಮೆ ಬಿಚ್ಚಿ ನೋಡುದಿಲ್ವಾ?"

"ನೋಡೂದೇನ ಐತ್ರಿ? ಕೈಯಾಗ ಹಿಡದ್ರ ತಿಳೀತೈತಿ." ಅವನು ಚೀಲವನ್ನು ಒಮ್ಮೆ ತೂಗಿ, ವೈದ್ಯರು ನಾಡಿ ನೋಡಿದ ಗಾಂಭೀರ್ಯದಲ್ಲಿ ತಲೆಯಾಡಿಸಿದ. "ಜಬರ್ದಸ್ತ್ ಅದಾವ. ನಮ್ಮವು ಬೀರೂನ್ಯಾಗ ಬಿದ್ದಿರ್ತಾವ. ನಿಮ್ಮವ್ನ ನಾ ಕೋಲ್ಡ್ ಸ್ಟೋರೇಜಿಗೆ ಒಯ್ತೀನಿ. ವಿಐಪಿ."

ಇನೆಜ್ ಬಾಯಿ ಏನೋ ಹೇಳಲು ಹೊರಟವಳು ಸುಮ್ಮನಾಗಿ, "ದೇವರು ಒಳ್ಳೇದು ಮಾಡ್ಲಿ" ಎಂದು ಮೆಟ್ಟಿಲೇರಿದಳು.

ಮರುದಿನವೇ ಚೀಲ ಅರ್ದಿಯಾಕ್ಕೆ ಹೋಯಿತು. ಆಲೂಗಡ್ಡೆಯ ಕೋಣೆಯಲ್ಲಿ ನಾಲ್ಕು ಡಿಗ್ರಿ ತಂಪು, ಕತ್ತಲೆ, ಶಾಂತಿ. ರಾಯಪ್ಪ ಒಂದು ಎತ್ತರದ ಕಪಾಟಿನಲ್ಲಿ ಅದನ್ನಿಟ್ಟು, ರಟ್ಟಿನ ಮೇಲೆ ತನ್ನ ಹೆಸರು ಬರೆದು ಸಿಕ್ಕಿಸಿ, ಮುಟ್ಟಿದರೆ ಜೋಕೆ ಎಂದು ಸ್ಟೋರ್ ಕೀಪರ್ ಸೈದುಗೆ ಹಿಂದಿಯಲ್ಲಿ ತಾಕೀತು ಮಾಡಿದ. ಸೈದು ಕಾಸರಗೋಡಿನ ಬ್ಯಾರಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೂ ತಾಕೀತು ಹಿಂದಿಯಲ್ಲಿದ್ದರೆ ಅಧಿಕಾರ ಹೆಚ್ಚೆಂದು ರಾಯಪ್ಪನ ಭಾವನೆ.

ಜುಲೈ ಕೊನೆಯಲ್ಲಿ ಆಲೂಗಡ್ಡೆ ಕೋಣೆಯ ಕೊಳವೆಗಳ ಮೇಲೆ ಐಸು ದಪ್ಪಗೆ ಕಟ್ಟಿತು. ಯಂತ್ರ ನಿಲ್ಲಿಸಿ ಕರಗಿಸಬೇಕಾಯಿತು. ಹೊರಗೆ ಐವತ್ತರ ಹತ್ತಿರ ಬಿಸಿಲು, ಹತ್ತಾರು ಟನ್ ಆಲೂಗಡ್ಡೆ, ಮ್ಯಾನೇಜರ್ ಪದೇ ಪದೇ ಫೋನು. ರಾಯಪ್ಪ ಬೆವರು ಒರೆಸಿಕೊಳ್ಳುತ್ತ, "ಈ ಕ್ವಾಣ್ಯಾಗಿಂದೆಲ್ಲಾ ಎಲ್ಲೆ ಜಾಗಾ ಐತಿ ಅಲ್ಲೆ ಹಾಕ್ರಿ, ಪೂರಾ ಖಾಲಿ ಆಗಬೇಕು, ಯಲ್ಲಾ, ಲಗೂನ" ಎಂದು ಕೂಗಾಡಿದ. ಆಲೂಗಡ್ಡೆ ಈರುಳ್ಳಿಯ ಕೋಣೆಗೆ ಹೋಯಿತು. ತನ್ನ ಸ್ವಂತ ಚೀಲ ಅವನಿಗೆ ನೆನಪಾದದ್ದು ಆಗಸ್ಟಿನ ಒಂದು ಮಧ್ಯಾಹ್ನ, ಚಹಾ ಕುಡಿಯುವಾಗ.

"ಸೈದು, ನನ್ನದೊಂದು ಚೀಲಾ ಇತ್ತಲ್ಲೋ?"

"ಉಂಟು ಸಾರ್, ಭದ್ರವಾಗಿ ಉಂಟು. ಈರುಳ್ಳಿ ಕೋಣೆಯಲ್ಲಿ ಜಾಗ ಇರಲಿಲ್ಲ. ನಿಮ್ಮ ಹೆಸರು ಇತ್ತಲ್ಲ, ಹಾಳಾಗಬಾರದು ಅಂತ ನಾನೇ ಫ್ರೀಜರಿನಲ್ಲಿ ಇಟ್ಟೆ."

ರಾಯಪ್ಪ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ಫ್ರೀಜರ್ ಎಂದರೆ ಕೋಳಿಗಳ ಕೋಣೆ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಜಾಕೆಟ್ ಹಾಕಿಕೊಂಡು ಒಳಗೆ ಹೋದ. ಕೋಳಿ ಪೆಟ್ಟಿಗೆಗಳ ನೆತ್ತಿಯ ಮೇಲೆ, ಗುಡಿಯ ಕಳಸದಂತೆ, ಚೀಲ ಕೂತಿತ್ತು. ಮೇಲೆಲ್ಲ ಬೆಳ್ಳಗೆ ಹಿಮ. ಎತ್ತಿಕೊಂಡರೆ ಒಳಗೆ ಕಲ್ಲು ಕಲ್ಲಿಗೆ ತಾಕಿದ ಸದ್ದಾಯಿತು. ಹೋದ ವರ್ಷ ಸ್ವೆಟರ್ ಹಾಕಿಕೊಂಡು ಯಾವುದಕ್ಕಾಗಿ ಕಾದಿದ್ದನೋ ಅದು ಈಗ ಅವನದೇ ಕೋಲ್ಡ್ ಸ್ಟೋರೇಜಿನಲ್ಲಿ, ಅವನದೇ ಯಂತ್ರದಿಂದ, ಅವನದೇ ಅಪ್ಪಣೆಯ ಮೇರೆಗೆ ಬಿದ್ದಿತ್ತು.

ಸೈದುವನ್ನು ಬಯ್ಯುವ ಹಾಗಿರಲಿಲ್ಲ. ಮನೆಗೆ ಒಯ್ದು ಸಿಂಕಿನಲ್ಲಿ ಇಟ್ಟ. ಐಸು ಬಿಟ್ಟಂತೆಲ್ಲ ಚೀಲದಿಂದ ಕಂದು ನೀರು ಇಳಿಯಿತು, ಮೂಗು ಮುಚ್ಚುವ ವಾಸನೆ ಎದ್ದಿತು. ಗಂಟು ಬಿಚ್ಚಿ ನೋಡಿದರೆ ಗಡ್ಡೆಗಳೆಲ್ಲ ಕೊಳೆತ ಬಾಳೆಹಣ್ಣಿನ ಹಾಗೆ ಕೈಗೆ ಮೆತ್ತಿಕೊಂಡವು. ಒಂದಾದರೂ ಬದುಕಿರಬಹುದೆಂದು ಪ್ರತಿಯೊಂದನ್ನೂ ಹಿಚುಕಿ ನೋಡಿದ. ಹಿಚುಕಿದ್ದಕ್ಕೆ ಇನ್ನಷ್ಟು ಮೆತ್ತಗಾದವೇ ಹೊರತು ಬೇರೇನೂ ಆಗಲಿಲ್ಲ.

ಕೈ ತೊಳೆಯುತ್ತಿರುವಾಗಲೇ ಬಜ್ಪೆಯಿಂದ ಇನೆಜ್ ಬಾಯಿಯ ಫೋನು ಬರಬೇಕೆ?

"ಹೇಗಿದ್ದೀರಿ ರಾಯಪ್ಪಣ್ಣ? ಅಮ್ಮ ಕೇಳ್ತಾ ಇದ್ದಾರೆ, ಡೇರೆ ಹೇಗುಂಟು ಅಂತ."

ರಾಯಪ್ಪ ಸಿಂಕಿನತ್ತ ನೋಡಿದ. "ಮಲಗ್ಯಾವ್ರಿ ಬಾಯಾರ. ಆರಾಮ ಮಲಗ್ಯಾವ."

"ಒಂದೂ ಹಾಳಾಗ್ಲಿಲ್ವಾ?" ಅವಳ ದನಿಯಲ್ಲಿ ಒಂದು ಬಗೆಯ ಅಚ್ಚರಿಯಿತ್ತು. ತನ್ನ ವಿದ್ಯೆಗೆ ಅವಳು ಬೆರಗಾಗಿದ್ದಾಳೆಂದು ರಾಯಪ್ಪ ತಿಳಿದ.

"ಒಂದೂ ಇಲ್ಲ."

ಫೋನಿಟ್ಟ ಮೇಲೆ ಅವನು ಕುರ್ಚಿ ಎಳೆದುಕೊಂಡು ಅಡಿಗೆಮನೆಯಲ್ಲೇ ಕೂತ. ನಿಜ ಹೇಳಿಬಿಡಬಹುದಿತ್ತು. ಐಸು ಕಟ್ಟಿತು, ಗಡಿಬಿಡಿಯಾಯಿತು, ಕ್ಷಮಿಸ್ರಿ ಎಂದರೆ ಮುಗಿಯುತ್ತಿತ್ತು. ಆದರೆ "ಕೋಳಿ ಕಾಯೋ ಮನಷ್ಯಾ" ಎಂದು ಎದೆ ತಟ್ಟಿಕೊಂಡವನು ಕೋಳಿಗಳ ಜೊತೆಯಲ್ಲೇ ಗಡ್ಡೆಗಳನ್ನು ಕೊಂದ ಎಂಬ ಮಾತು ಮೂರು ಮಹಡಿ ಹತ್ತಿ, ಕನ್ನಡ ಸಂಘಕ್ಕೆ ಹೋಗಿ, ಪುರಂದರನ ಬಾಯಿಗೆ ಸಿಕ್ಕಿ, ಮೈದಾನ್ ಹವಲ್ಲಿಯವರೆಗೆ ಹಬ್ಬುವುದು ಅವನ ಕಣ್ಣಿಗೆ ಕಟ್ಟಿತು. ಎದ್ದು ಮಲಗುವ ಕೋಣೆಗೆ ಹೋಗಿ ಬೀರುವಿನ ಖಾನೆ ಎಳೆದ. ಮರದ ಹೊಟ್ಟಿನಲ್ಲಿ ಅವನ ಸ್ವಂತ ಗಡ್ಡೆಗಳು ಒಂದಿಷ್ಟೂ ಸುಕ್ಕಿಲ್ಲದೆ ಇದ್ದವು. ವಿಐಪಿ ಸತ್ಕಾರ ಸಿಗದ್ದರಿಂದ ಬದುಕಿದವು. ಅವನ್ನೆಲ್ಲ ತೆಗೆದು, ಬಟ್ಟೆಯ ಚೀಲವನ್ನು ಒಗೆದು ಒಣಗಿಸಿ, ಅದರಲ್ಲಿ ತುಂಬಿ ಗಂಟು ಹಾಕಿದ. ತನಗೆಂದು ಒಂದಾದರೂ ಇಟ್ಟುಕೊಳ್ಳೋಣವೆಂದು ಕೈ ಹಾಕಿದ, ಆದರೆ ಚೀಲ ಹಗುರಾದರೆ ಸಂಶಯ ಬಂದೀತೆಂದು ಅದನ್ನೂ ವಾಪಸು ಹಾಕಿದ. ಹೇಡಿತನಕ್ಕೂ ಅವನಲ್ಲಿ ಒಂದು ಪರಿಪೂರ್ಣತೆಯಿತ್ತು.

ಸೆಪ್ಟೆಂಬರಿನಲ್ಲಿ ಇನೆಜ್ ಬಾಯಿ ಬಂದು, ಅವನ ಎದುರಿಗೇ ಚೀಲ ಬಿಚ್ಚಿದಳು. ಒಂದು ಗಡ್ಡೆ ತೆಗೆದು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಮತ್ತೊಂದನ್ನು ಹೆಬ್ಬೆರಳಿನಿಂದ ಒತ್ತಿದಳು.

"ಎಷ್ಟು ಚಂದ ಇಟ್ಟಿದ್ದೀರಿ ರಾಯಪ್ಪಣ್ಣ" ಎಂದಳು ಕೊನೆಗೆ. ಅವಳ ಕಣ್ಣು ಯಾಕೋ ಅವನ ಕಣ್ಣನ್ನು ತಪ್ಪಿಸಿತು. ಹೆಣ್ಣುಮಗಳಿಗೆ ತಾಯಿಯ ನೆನಪಾಗಿ ಕರುಳು ಚುರ್ ಎಂದಿರಬೇಕೆಂದು ರಾಯಪ್ಪ ಅರ್ಥ ಮಾಡಿಕೊಂಡ. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವುದು ಅವನ ಹಳೆಯ ರೋಗ.

ಬಾಳಕ್ಕ ಊರಿನಿಂದ ಬಂದು ಬಟ್ಟೆ ಇಡಲು ಖಾನೆ ಎಳೆದಾಗ ಬರೀ ಹೊಟ್ಟು ಕಂಡಳು.

"ಗಡ್ಡಿ ಎಲ್ಲೆ ಅದಾವ್ರೀ?"

"ಕೊಳತು ಹೋದುವು."

"ಎಲ್ಲಾನೂ?"

"ಎಲ್ಲಾನೂ."

"ಹಂಗಾರ ಅಂಗಳದ ಪೆಟಿಗಿ ಖಾಲಿ ಅದಾವಲ್ಲ" ಎಂದು ಬಾಳಕ್ಕ ಮರುದಿನವೇ ಅವುಗಳಲ್ಲಿ ಮೆಂತ್ಯ ಬಿತ್ತಿದಳು. ಆ ಚಳಿಗಾಲವಿಡೀ ರಾಯಪ್ಪ ಮೆಂತ್ಯದ ಪಲ್ಯ, ಮೆಂತ್ಯದ ರೊಟ್ಟಿ, ಮೆಂತ್ಯ ಹಾಕಿದ ಬೇಳೆ ತಿಂದ.

ಅವನು ಎಣಿಸದೆ ಇದ್ದ ಇನ್ನೊಂದು ಸಂಗತಿ ನಡೆಯಿತು. ರಾಯಪ್ಪನ ಗಡ್ಡೆ ಕೊಳೆತವು, ಇನೆಜ್ ಬಾಯಿಯವು ಉಳಿದವು ಎಂಬ ಸುದ್ದಿ ಹಬ್ಬಿತು. ಜನ ಅದಕ್ಕೆ ತಮಗೆ ತಿಳಿದ ಅರ್ಥ ಹಚ್ಚಿದರು. ತನ್ನದನ್ನು ಬಿಟ್ಟು ನೆರೆಯವರದನ್ನು ಕಾಪಾಡಿದ ಮನುಷ್ಯ. ಆಂಥೋನಿ ಅಹ್ಮದಿಯ ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿದ ಮೇಲೆ ಹತ್ತು ಜನರಿಗೆ ಈ ಕತೆ ಹೇಳಿದ. ಬಜ್ಪೆಯ ಅತ್ತೆಗೆ ಫೋನಿನಲ್ಲಿ ಹೇಳಿದ. ಪುರಂದರ ಸಂಘದ ಸಭೆಯಲ್ಲಿ ಮೈಕು ಹಿಡಿದು, "ಇಂಥವರು ನಮ್ಮ ನಡುವೆ ಇದ್ದಾರೆ ಅನ್ನುವುದೇ ಹೆಮ್ಮೆ" ಎಂದಾಗ ರಾಯಪ್ಪ ಎದ್ದು ನಿಂತು ಕೈ ಮುಗಿಯಬೇಕಾಯಿತು. ಕೂತುಕೊಳ್ಳುವಾಗ ಕುರ್ಚಿ ಸಿಗದೆ ತಡವರಿಸಿದ. ಅದೂ ವಿನಯವೆಂದು ದಾಖಲಾಯಿತು.

ಜನವರಿಯಲ್ಲಿ ತಾರಸಿಯ ಕುಂಡದಲ್ಲಿ ಮೊದಲ ಮೊಗ್ಗು ಬಿಚ್ಚಿತು. ಇನೆಜ್ ಬಾಯಿ ಎಲ್ಲರನ್ನೂ ಮೇಲೆ ಕರೆದಳು. ಕಡುಗೆಂಪು ಎಸಳು, ತುದಿಯಲ್ಲಿ ಬಿಳಿ.

ಆಂಥೋನಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ. "ಬಿಳಿ ಅಲ್ವಾ ಇದ್ದದ್ದು?"

ಬಾಳಕ್ಕ ಹೂವನ್ನು ನೋಡಿದಳು, ಗಂಡನನ್ನು ನೋಡಿದಳು. ಹಿಂದಿನೆರಡು ವರ್ಷ ಅವಳ ಅಡಿಗೆಮನೆಯ ಕಿಟಕಿಯಿಂದ ದಿನಾ ಕಂಡ ಹೂ ಅದು. ರಾಯಪ್ಪನ ಬಾಯಿ ಅವನ ಬುದ್ಧಿಗೆ ಕಾಯದೆ ಕೆಲಸ ಶುರು ಮಾಡಿತು.

"ಇದು ನೀರಿನ ಗುಣಾರೀ. ಸಮುದ್ರದ ನೀರು ಸಿಹಿ ಮಾಡಿ ಕೊಡ್ತಾರಲ್ಲ ಇಲ್ಲೆ, ಅದರಾಗಿನ ಖನಿಜಾ ಗಡ್ಡಿಗೆ ಏರತೈತಿ. ಮ್ಯಾಲೆ ಥಂಡ್ಯಾಗ ಇಟ್ಟಿದ್ದು. ಥಂಡಿ, ಖನಿಜಾ, ಎರಡೂ ಕೂಡಿದ್ರ ಬಿಳೇದು ಕೆಂಪ ಆಗತೈತಿ. ಪೂರಾ ಆಗಂಗಿಲ್ಲ, ನೋಡ್ರಿ, ತುದೀಗೆ ಬಿಳೇದು ಉಳದೈತಿ."

ಆ ಕೊನೆಯ ಮಾತು ಹೇಳಿದ ಮೇಲೆ ಅವನಿಗೇ ಅದು ನಿಜವಿರಬಹುದು ಅನ್ನಿಸಿತು.

"ಹಾಗೆಯಾ?" ಎಂದಳು ಇನೆಜ್ ಬಾಯಿ. ಅಷ್ಟೇ.

ಪುರಂದರನಿಗೆ ಇದು ತಿಳಿಯದೆ ಇರುತ್ತದೆಯೇ? ಆ ತಿಂಗಳ ಕೊನೆಗೆ ಮೈದಾನ್ ಹವಲ್ಲಿಯ ಸಭಾಂಗಣವೊಂದರಲ್ಲಿ ಸಂಘದ ಹೂವಿನ ಸ್ಪರ್ಧೆ. "ಬಣ್ಣ ಬದಲಿಸಿದ ಡೇರೆ: ಒಂದು ವಿವರಣೆ" ಎಂಬ ರಾಯಪ್ಪನ ಭಾಷಣವೂ ಪಟ್ಟಿಗೆ ಸೇರಿತು. ಬೇಡ ಎನ್ನಲು ಅವನು ಎರಡು ಸಲ ಪ್ರಯತ್ನಿಸಿದ. ಬೇಡ ಅಂದಷ್ಟೂ ಅವನ ಸರಳತೆಯ ಖ್ಯಾತಿ ಬೆಳೆಯಿತು. ಕೊನೆಗೆ ವೇದಿಕೆ ಹತ್ತಿ ಮಾತಾಡಿದ. ಖನಿಜ ಎಂದ, ಉಷ್ಣಾಂಶ ಎಂದ, ಉದಾಹರಣೆಗೆ ಹಸಿ ಮೆಣಸಿನಕಾಯಿ ಕೆಂಪಾಗುವುದನ್ನು ಕೊಟ್ಟ. ಇನೆಜ್ ಬಾಯಿ ಎರಡನೆಯ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ಪ್ರಶ್ನೆಗಳಿವೆಯೇ ಎಂದಾಗ ಒಬ್ಬರು, ಮುಂದಿನ ವರ್ಷ ಯಾವ ಬಣ್ಣ ಬರಬಹುದು ಎಂದು ಕೇಳಿದರು. "ವಿಜ್ಞಾನದಾಗ ಮೊದಲ ಹೇಳಾಕ ಬರೂದಿಲ್ಲ" ಎಂದು ರಾಯಪ್ಪ ಕೆಳಗಿಳಿದ. ಸ್ಪರ್ಧೆಯ ಮೊದಲ ಬಹುಮಾನ ಇನೆಜ್ ಬಾಯಿಯ ಡೇರೆಗೆ ಬಂತು. ದೊಡ್ಡದೊಂದು ಸ್ಟೀಲಿನ ಹಾಟ್‌ಕೇಸು. ರಾಯಪ್ಪ ತನ್ನ ಅಂಗಳದ ಹೂವಿಗೆ, ತಾನು ನೆಡದೆ ಇದ್ದುದಕ್ಕೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಹಿಂದಿರುಗುವಾಗ ಎರಡೂ ಮನೆಯವರು ರಾಯಪ್ಪನ ಕಾರಿನಲ್ಲೇ ಇದ್ದರು. ಸ್ನೇಹಾ ಗೆಳತಿಯ ಮನೆಯಲ್ಲಿ ಉಳಿದುಕೊಂಡಿದ್ದಳು. ಹಿಂದಿನ ಸೀಟಿನಲ್ಲಿ ಆಂಥೋನಿ, ಇನೆಜ್, ಇಬ್ಬರ ನಡುವೆ ಹಾಟ್‌ಕೇಸು. ಹೆದ್ದಾರಿಯಲ್ಲಿ ಶುಕ್ರವಾರದ ಸಂಜೆಯ ದಟ್ಟಣೆ.

"ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದಳು ಬಾಳಕ್ಕ, ಮುಂದಿನ ಗಾಜಿನಿಂದ ಕಣ್ಣು ತೆಗೆಯದೆ.

"ಏನ್ ಹೇಳೂದು?"

"ಮೆಣಸಿನಕಾಯಿ ವಿಚಾರ."

ರಾಯಪ್ಪ ಗೇರು ಬದಲಿಸಿದ. ಬದಲಿಸುವ ಅಗತ್ಯವೇನೂ ಇರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಎದುರಿನ ಲಾರಿಗೆ ಹೇಳುವವನಂತೆ ಎಲ್ಲವನ್ನೂ ಹೇಳಿದ. ಐಸು ಕಟ್ಟಿದ್ದು, ತಾನೇ ಕೂಗಾಡಿದ್ದು, ಕೋಳಿ ಪೆಟ್ಟಿಗೆಯ ಮೇಲಿನ ಚೀಲ, ಸಿಂಕು, ಬೀರು. "ನಿಮ್ಮ ತಾಯಾರ ಗಡ್ಡಿ ನಾ ಕೊಂದೆ ಬಾಯಾರ. ಕೊಂದಿದ್ದಲ್ಲದ ಅದರ ಮ್ಯಾಲೆ ಭಾಷಣಾ ಮಾಡ್ದೆ."

ಕನ್ನಡಿಯಲ್ಲಿ ನೋಡಿದರೆ ಇನೆಜ್ ಬಾಯಿ ಹಾಟ್‌ಕೇಸಿನ ಮುಚ್ಚಳದ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ್ದಳು. ಅಳುತ್ತಿದ್ದಾಳೆಂದು ರಾಯಪ್ಪ ತಿಳಿದ.

"ನೀವು ಕೊಲ್ಲಲಿಲ್ಲ ರಾಯಪ್ಪಣ್ಣ" ಎಂದಳು ಅವಳು. "ಸತ್ತದ್ದನ್ನೇ ನಾನು ಕೊಟ್ಟದ್ದು."

"ಏನಂದ್ರಿ?"

"ಮೇ ತಿಂಗಳಲ್ಲಿ ಎಲೆಯೆಲ್ಲ ಉದುರಿತಲ್ಲ, ಪಾಪ ಸೆಕೆ ಆಗ್ತದೆ ಅಂತ ನಾನು ದಿನಾ ನೀರು ಹಾಕಿದೆ. ತಾರಸಿಯ ಟ್ಯಾಂಕಿನ ನೀರು ಎಷ್ಟು ಬಿಸಿ ಅಂತ ನಿಮಗೆ ಗೊತ್ತುಂಟಲ್ಲ? ಅಗೆದು ನೋಡುವಾಗ ಒಳಗೆ ಎಂತದೂ ಇಲ್ಲ. ಸಿಪ್ಪೆ, ಅದರೊಳಗೆ ಕೆಸರು. ಒಂದೂ ಇರಲಿಲ್ಲ."

ಆಂಥೋನಿ ಅವಳ ಕಡೆಗೆ ತಿರುಗಿದ. ಮನೆಯಲ್ಲಿ ಅವರದು ಕೊಂಕಣಿ, ಆದರೆ ಉಳಿದಿಬ್ಬರಿಗೆ ತಿಳಿಯಲೆಂದು ಕನ್ನಡದಲ್ಲೇ ಕೇಳಿದ: "ನನ್ನತ್ರ ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮತ್ರ ಹೇಳಿದ್ರೆ ಸೀದಾ ಅಮ್ಮನಿಗೆ ಫೋನು ಹೋಗ್ತದೆ." ಅವಳು ಮತ್ತೆ ರಾಯಪ್ಪನ ಬೆನ್ನಿಗೆ ಹೇಳತೊಡಗಿದಳು. "ಅಮ್ಮನಿಗೆ ನಾನು ಕೊಂದೆ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನಿಮ್ಮ ಭಾಷಣ ಕೇಳಿದ್ದೆನಲ್ಲ. ನಿಮ್ಮ ಹತ್ರ ಕೊಟ್ಟರೆ, ನಿಮ್ಮ ಹತ್ರ ಸತ್ತದ್ದು ಅಂತ ಆಗ್ತದೆ, ನಿಮಗೂ ಪಾಪ, ಗೊತ್ತಾಗುದಿಲ್ಲ ಅಂತ ಎಣಿಸಿದೆ. ಬಿಚ್ಚಿ ನೋಡಿ ಅಂತ ಒಂದು ಮಾತು ಹೇಳಿದೆ. ನೋಡಿದ್ರೆ ಅಲ್ಲೇ ಒಪ್ಪಿಕೊಳ್ತಿದ್ದೆ. ನೀವು ಕೈಯಲ್ಲಿ ತೂಗಿ ಜಬರ್ದಸ್ತ್ ಉಂಟು ಅಂದ್ರಿ."

ಬಾಳಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು.

"ಅಂದ್ರ ಸಪ್ಟಂಬರದಾಗ ಚೀಲಾ ಬಿಚ್ಚಿದಾಗನ ನಿಮಗ ಗೊತ್ತಾತೇನ್ರಿ?" ಎಂದ ರಾಯಪ್ಪ.

"ಸತ್ತ ಗಡ್ಡೆ ಕೊಟ್ಟವಳಿಗೆ ಜೀವ ಇರುವ ಗಡ್ಡೆ ಬಂದ್ರೆ ಗೊತ್ತಾಗುದಿಲ್ವಾ? ಯಾಕೆ ಕೊಟ್ರಿ ಅಂತ ಮಾತ್ರ ಗೊತ್ತಾಗ್ಲಿಲ್ಲ. ನನ್ನ ಮರ್ಯಾದೆ ಉಳಿಸ್ಲಿಕ್ಕೆ ನಿಮ್ಮದನ್ನೇ ಕೊಟ್ರಿ ಅಂತ ಎಣಿಸಿದೆ. ನಾಲ್ಕು ತಿಂಗಳಿಂದ ನಿಮ್ಮ ಮುಖ ನೋಡ್ಲಿಕ್ಕೆ ನಾಚಿಕೆ ಆಗಿ ಸತ್ತು ಹೋಗಿದ್ದೇನೆ. ನಿಮಗೋಸ್ಕರ ಒಂಬತ್ತು ದಿನ ನೊವೇನಾ ಪ್ರಾರ್ಥನೆ ಸಹ ಮಾಡಿದೆ."

ರಾಯಪ್ಪನಿಗೆ ಮೊದಲು ಸಿಟ್ಟು ಬಂತು. ಕೊಳೆತ ಗಡ್ಡೆಗೆ ವಿಐಪಿ ಕೋಣೆ, ಕೆಸರಿಗೆ ಕಾವಲು, ಇಡೀ ಚಳಿಗಾಲ ಮೆಂತ್ಯದ ಪಲ್ಯ. ಆ ಸಿಟ್ಟನ್ನು ಎಲ್ಲಿಂದ ಶುರು ಮಾಡಬೇಕೆಂದು ಹುಡುಕಿದ. ಹುಡುಕುತ್ತ ಹೋದಂತೆ ಎಲ್ಲ ದಾರಿಯೂ ಚೀಲವನ್ನು ಕೈಯಲ್ಲಿ ತೂಗಿ ತಲೆಯಾಡಿಸಿದ ಒಬ್ಬ ಮನುಷ್ಯನ ಬಳಿಗೇ ಬಂದು ನಿಂತಿತು. ಆ ಮನುಷ್ಯನ ಮುಖ ನೆನೆದು ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಬಾಳಕ್ಕ ಕಾಯುತ್ತಿದ್ದವಳಂತೆ ಸೇರಿಕೊಂಡಳು. ಆಂಥೋನಿ ಮಾತ್ರ, "ನಾನು ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿದ್ದೇನಲ್ಲ, ಈಗ ಎಂತ ಮಾಡುದು" ಎಂದು ಒಂದೇ ಸಮನೆ ಕೇಳುತ್ತಿದ್ದ. ಈ ಗದ್ದಲದಲ್ಲಿ ಫಿಂಟಾಸಿಗೆ ತಿರುಗುವ ರಸ್ತೆ ದಾಟಿ ಹೋಗಿ, ಅಬು ಹಲೀಫಾದಲ್ಲಿ ಸುತ್ತು ಹಾಕಿ ಬರಬೇಕಾಯಿತು.

ಇನೆಜ್ ಬಾಯಿ ಆ ವಾರವೇ ತಾಯಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದಳು. ಮುದುಕಿ ಕೇಳಿ, "ಅಷ್ಟೇಯಾ?" ಎಂದರಂತೆ. ಬಾವಿಕಟ್ಟೆಯ ಸುತ್ತ ಬಿಳಿ ಡೇರೆ ಕಳೆಯ ಹಾಗೆ ಹಬ್ಬಿದೆ, ಕಿತ್ತು ಕಿತ್ತು ಎಸೆಯುವುದೇ ಕೆಲಸವಾಗಿದೆ, ಬೇಕಾದರೆ ಒಂದು ಮೂಟೆ ಕಳಿಸುತ್ತೇನೆ ಎಂದರಂತೆ.

ಮೇ ತಿಂಗಳಲ್ಲಿ ಎಲೆ ಬಾಡಿದಾಗ ಎರಡು ಮನೆಯವರೂ ತಾರಸಿಗೆ ಹೋಗಿ ಕುಂಡಗಳನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದರು. ಬಿಸಿಲು ಇಳಿದಿದ್ದರೂ ನೆಲ ಕಾಲು ಸುಡುತ್ತಿತ್ತು. ಗಡ್ಡೆಗಳು ಗೊಂಚಲಾಗಿ ಬೆಳೆದಿದ್ದವು. ರಾಯಪ್ಪ ಚಾಕು ಹಿಡಿದು ಕೂತ. "ನೋಡ್ರಿ, ಕೊಯ್ಯುವಾಗ ಪ್ರತಿ ತುಂಡಿಗೂ ಮೊಳಕಿ ಒಡಿಯೋ ಒಂದ ಕಣ್ಣು ಇರಬೇಕು, ದಂಟಿನ ಬುಡದಾಗ ಇರತೈತಿ ಅದು" ಎನ್ನುತ್ತ ಕೊಯ್ದ. ಕೈಗೆ ಬಂದ ತುಂಡಿನಲ್ಲಿ ಕಣ್ಣಿರಲಿಲ್ಲ. ಇನೆಜ್ ಬಾಯಿ ಚಾಕು ತೆಗೆದುಕೊಂಡು ಕೊಯ್ದಳು, ಅವಳ ತುಂಡಿನಲ್ಲೂ ಇರಲಿಲ್ಲ. ಮೂರನೆಯದಕ್ಕೆ ಇಬ್ಬರೂ ಕನ್ನಡಕ ಹಾಕಿಕೊಂಡರು.

ಅಷ್ಟರಲ್ಲಿ ಪುರಂದರ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. ಬಣ್ಣ ಬದಲಿಸುವ ಡೇರೆಯ ಒಂದು ತುಂಡು ತನಗೂ ಬೇಕೆಂದು ಅವನು ಫೆಬ್ರವರಿಯಿಂದ ಬೆನ್ನು ಹತ್ತಿದ್ದ. ಆಂಥೋನಿ ಪಿಸುಗುಟ್ಟಿದ: "ಆ ಕಣ್ಣಿಲ್ಲದ್ದು ಕೊಟ್ಟುಬಿಡಿ ಇವರಿಗೆ."

ರಾಯಪ್ಪನ ಕೈ ಅತ್ತಲೇ ಹೋಗಿತ್ತು. ತಡೆದು, ತನ್ನ ಪಾಲಿನ ರಾಶಿಯಿಂದ ದಪ್ಪದೊಂದನ್ನು ಆರಿಸಿ, ಕಣ್ಣನ್ನು ಎರಡು ಸಲ ಉಗುರಿನಿಂದ ಮುಟ್ಟಿ ನೋಡಿ, ಪುರಂದರನ ಕೈಗಿಟ್ಟ.

"ಯಾವ ಬಣ್ಣ ಬರ್ತದೆ ಸಾರ್ ಇದರಲ್ಲಿ?"

"ಕೆಂಪ. ತುದೀಗೆ ಬಿಳೇದು."

"ಮತ್ತೆ ಬದಲಾಗುದು?"

"ಬದಲಾಗಂಗಿಲ್ಲ. ಕೂಡ್ರಿ, ಹೇಳ್ತೀನಿ" ಎಂದು ರಾಯಪ್ಪ ಪೇಪರಿನ ಮೇಲೆ ಮಣ್ಣು ಸರಿಸಿ ಜಾಗ ಮಾಡಿಕೊಟ್ಟ. ಪುರಂದರ ಪ್ಯಾಂಟು ಮಡಚಿಕೊಂಡು ಕೂತ. ಬಾಳಕ್ಕ ಎಲ್ಲರಿಗೂ ಚಹಾ ತರಲು ಕೆಳಗಿಳಿದು ಹೋದಳು.